ಕೀಲಿಗೂ ಚರ್ಮಕ್ಕೂ ಪೂರಕ ಗುಳಿಗೆ: ಗುಣವೆಷ್ಟು, ಅಪಾಯವೆಷ್ಟು?

ಕೊಯ್ಲು ಮುಗಿದು ಅಡಿಕೆಯ ಹಣ ಕೈಗೆ ಬರುವ ಕಾಲಕ್ಕೆ ಸರಿಯಾಗಿ ನಮ್ಮ ಊರುಗಳಿಗೆ ಇನ್ನೊಂದು ಬಗೆಯ ವ್ಯಾಪಾರವೂ ಬಂದು ಸೇರುತ್ತದೆ. ಮಂಡಿನೋವಿಗೆ ಗುಳಿಗೆ, ಸೊಂಟನೋವಿಗೆ ಪುಡಿ, ಮುಖದ ಕಾಂತಿಗೆ ಡಬ್ಬದಲ್ಲಿ ಕೊಲಾಜೆನ್. ಇವುಗಳಲ್ಲಿ ಕೆಲವು ಹರಿಹರ, ದಾವಣಗೆರೆಯ ಔಷಧದಂಗಡಿಗಳಲ್ಲಿ ದೊರೆಯುತ್ತವೆ. ಕೆಲವು ಮೊಬೈಲಿನಲ್ಲಿ ಜಾಹೀರಾತು ನೋಡಿದ ಮಕ್ಕಳು ತರಿಸಿಕೊಟ್ಟವು. ಇನ್ನು ಕೆಲವು ಸಂತೆಯಲ್ಲಿ ಹೆಸರು ವಿಳಾಸವಿಲ್ಲದ ಪೊಟ್ಟಣದಲ್ಲಿ ಮಾರಾಟವಾಗುವಂಥವು. ನಂದಿಗುಡಿ, ಮಲೇಬೆನ್ನೂರು ಸುತ್ತಿನ ಸದಸ್ಯರು ಗೊಬ್ಬರದ ಲೆಕ್ಕ ಕೇಳಲು ಬಂದವರು, ಮಾತು ಮುಗಿಸಿ ಏಳುವಾಗ ಜೇಬಿನಿಂದ ಒಂದು ಸೀಸೆ ತೆಗೆದು, "ಇದನ್ನ ನುಂಗಬಹುದಾ ಸೆಕ್ರೆಟ್ರಿಯವರೇ?" ಎಂದು ಕೇಳುವುದು ಈಗ ಸಾಮಾನ್ಯವಾಗಿದೆ.

ನಾವು ವೈದ್ಯರಲ್ಲ. ಯಾರಿಗೆ ಯಾವ ಗುಳಿಗೆ ಎಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಒಂದು ಸರಕನ್ನು ಕೊಳ್ಳುವ ಮುನ್ನ ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದು ಬೆಳೆಗಾರರಾದ ನಮಗೆ ತಿಳಿದ ವಿದ್ಯೆಯೇ ಸರಿ. ಆ ದೃಷ್ಟಿಯಿಂದ ಈ ವಿಷಯವನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಮಣ್ಣು ಪರೀಕ್ಷೆಯ ನ್ಯಾಯ

ಅಡಿಕೆ ಮರದ ಎಲೆ ಹಳದಿಯಾಯಿತೆಂದರೆ ತಿಳಿದ ಬೆಳೆಗಾರನು ಕೂಡಲೇ ಅಂಗಡಿಗೆ ಓಡುವುದಿಲ್ಲ. ಬಸಿಗಾಲುವೆ ಮುಚ್ಚಿ ಬೇರು ಕೊಳೆತಿರಬಹುದು; ಸತುವಿನ ಕೊರತೆಯಿರಬಹುದು; ಮೆಗ್ನೀಷಿಯಂ ಸಾಲದಿರಬಹುದು; ರೋಗವೇ ತಗುಲಿರಬಹುದು. ಮಣ್ಣು ಪರೀಕ್ಷೆ ಮಾಡಿಸಿ, ಕೊರತೆ ಕಂಡುಬಂದರೆ ಅದನ್ನು ತುಂಬುತ್ತಾನೆ. ಕೊರತೆಯಿದ್ದಲ್ಲಿ ಒಂದು ಹಿಡಿ ಸತುವಿನ ಸಲ್ಫೇಟು ಫಲ ಕೊಡುತ್ತದೆ. ಬೇರು ಕೊಳೆತ ತೋಟಕ್ಕೆ ಚೀಲಗಟ್ಟಲೆ ಸುರಿದರೂ ಹಣ ಹೋಯಿತೇ ಹೊರತು ಹಸಿರು ಬರಲಿಲ್ಲ.

ಶರೀರಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. ಪೂರಕ ಎಂಬ ಹೆಸರೇ ಹೇಳುವಂತೆ, ಅದು ಇಲ್ಲದ್ದನ್ನು ತುಂಬುವ ವಸ್ತು. ಕೊರತೆಯಿದ್ದವನಿಗೆ ಅದು ಔಷಧಿಯಷ್ಟೇ ಗುಣಕಾರಿ. ಕೊರತೆಯಿಲ್ಲದವನಿಗೆ ಬಹುಮಟ್ಟಿಗೆ ವ್ಯರ್ಥ. ಅಳತೆ ಮೀರಿದರೆ, ಅಥವಾ ಒಳಗೇನಿದೆಯೆಂದು ತಿಳಿಯದೆ ನುಂಗಿದರೆ ಅಪಾಯ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ; ಮುಂದಿನದೆಲ್ಲ ಇದರ ವಿವರಣೆ.

ನೋವು ಒಂದೇ, ಮೂಲ ಹಲವು

ಕೀಲುನೋವೆಲ್ಲ ಒಂದೇ ರೋಗವಲ್ಲ. ವಯಸ್ಸಾದಂತೆ ಮಂಡಿಯ ಮೃದ್ವಸ್ಥಿ ಸವೆದು ಬರುವ ನೋವು ಬೇರೆ. ಬೆಳಗಿನ ಹೊತ್ತು ಬೆರಳ ಕೀಲುಗಳು ಊದಿ, ಒಂದು ಗಂಟೆಗೂ ಮೀರಿ ಬಿಗಿದುಕೊಂಡಿರುವ ಸಂಧಿವಾತ ಬೇರೆ. ಇದನ್ನು ಮೊದಲ ತಿಂಗಳುಗಳಲ್ಲೇ ವೈದ್ಯರಿಗೆ ತೋರಿಸದಿದ್ದರೆ ಕೀಲು ಸೊಟ್ಟಗಾಗಿ ಮತ್ತೆ ನೆಟ್ಟಗಾಗದು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಕಾಲಿನ ಹೆಬ್ಬೆರಳು ಕೆಂಪಗೆ ಉರಿಯುವುದು ಮತ್ತೊಂದು ಬಗೆ.

ಚಿಕೂನ್‌ಗುನ್ಯಾದ ನೋವೂ ಉಂಟು. 2006ರಲ್ಲಿ ನಮ್ಮ ರಾಜ್ಯದಲ್ಲಿ ಈ ಜ್ವರ ಹಬ್ಬಿದಾಗ ಸರ್ಕಾರದ ಲೆಕ್ಕಕ್ಕೆ ಸಿಕ್ಕ ಶಂಕಿತ ಪ್ರಕರಣಗಳೇ 7 ಲಕ್ಷ 50 ಸಾವಿರವನ್ನು ಮೀರಿದ್ದವು. ಜ್ವರ ವಾರದಲ್ಲಿ ಇಳಿದರೂ ಕೀಲುನೋವು ತಿಂಗಳುಗಟ್ಟಲೆ ಕಾಡಿದ್ದು ಓದುಗರಲ್ಲಿ ಅನೇಕರಿಗೆ ನೆನಪಿದ್ದೀತು. ಆ ನೋವು ಬಹುಮಂದಿಗೆ ತಾನಾಗಿಯೇ ಕ್ರಮೇಣ ಇಳಿಯುವಂಥದ್ದು. ಇಳಿಯುವ ವೇಳೆಗೆ ಯಾವ ಗುಳಿಗೆ ನುಂಗುತ್ತಿದ್ದೆವೋ ಅದಕ್ಕೆ ಕೀರ್ತಿ ಬಂತು, ಅಷ್ಟೆ.

ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುವೆ ಒಂದು ಕೀಲುರೋಗ ಬೆಳಕಿಗೆ ಬಂತು. ಸೊಂಟ, ಮಂಡಿಗಳು ಹಾಳಾಗಿ ನಡೆಯಲಾಗದವರಾದ ಆ ಬಡ ಕೂಲಿಕಾರ್ಮಿಕರ ಕಾಯಿಲೆ ವಂಶಪಾರಂಪರ್ಯವಾಗಿ ಬರುವಂಥದ್ದೆಂದು ಸಂಶೋಧಕರು ಕಂಡುಕೊಂಡರು. ಇಂಥದ್ದನ್ನು ಸಂತೆಯ ಪುಡಿ ವಾಸಿಮಾಡೀತೆ?

ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಮೂಲವಿದೆ; ಅದು ಕುಡಿಯುವ ನೀರು. ಜಗಳೂರು ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ತಿಳಿದ ವಿಷಯ. ನಮ್ಮ ಕಡೆ ಭದ್ರಾ ನಾಲೆ, ತುಂಗಭದ್ರಾ ನದಿ ಇದ್ದರೂ ಕುಡಿಯಲು ಆಳದ ಕೊಳವೆಬಾವಿಯನ್ನೇ ನೆಚ್ಚಿದ ತೋಟದ ಮನೆಗಳು ಇಲ್ಲದಿಲ್ಲ. ಭಾರತೀಯ ಮಾನಕದಂತೆ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಇರಬಹುದು. ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದುಪಟ್ಟೆ ಮೂಡುವುದಲ್ಲದೆ, ಕತ್ತು, ಬೆನ್ನು, ಮಂಡಿಗಳು ಬಿಗಿಯುತ್ತವೆ. ನೋಡಿದವರು ಇದನ್ನು ವಾತವೆಂದೇ ತಿಳಿಯುತ್ತಾರೆ. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಅದರ ಅಂಶ ಇನ್ನಷ್ಟು ಗಟ್ಟಿಯಾಗುತ್ತದೆ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕೀಲು ಬಿಗಿತವಿದ್ದರೆ ಗುಳಿಗೆಗೆ ಮೊದಲು ನೀರಿನ ಪರೀಕ್ಷೆ ಮಾಡಿಸಬೇಕು.

ಕೊರತೆಯಿದ್ದಲ್ಲಿ ಗುಣ ನಿಶ್ಚಯ

ಮೈಕೈ ಮೂಳೆಯೆಲ್ಲ ನೋವು, ಕುಳಿತವರು ಏಳಲು ಕಷ್ಟ ಎಂಬ ದೂರಿಗೆ ಕೆಲವೊಮ್ಮೆ ವಿಟಮಿನ್ ಡಿ ಕೊರತೆಯೇ ಕಾರಣವಾಗಿರುತ್ತದೆ. ಬಿಸಿಲಿನ ನಾಡಿನಲ್ಲಿ ಇದೆಂಥ ಕೊರತೆ ಎಂದು ಆಶ್ಚರ್ಯಪಡಬೇಕಾಗಿಲ್ಲ. ದಟ್ಟ ತೋಟದ ನೆರಳಿನಲ್ಲಿ ಮೈತುಂಬ ಬಟ್ಟೆ ತೊಟ್ಟು ದುಡಿಯುವವರಿಗೂ, ಮನೆಯೊಳಗೇ ಇರುವ ಹೆಂಗಸರಿಗೂ, ವೃದ್ಧರಿಗೂ ಇದು ಬರಬಹುದು. ರಕ್ತಪರೀಕ್ಷೆಯಿಂದ ಕೊರತೆ ತಿಳಿದ ಮೇಲೆ ವೈದ್ಯರು 60,000 ಯೂನಿಟ್ಟಿನ ಪೊಟ್ಟಣವನ್ನು ವಾರಕ್ಕೊಂದರಂತೆ ಕೆಲವು ವಾರ ಕೊಡುತ್ತಾರೆ. ನೋವು ಇಳಿಯಿತೆಂದು ಅದನ್ನೇ ತಿಂಗಳುಗಟ್ಟಲೆ ಮುಂದುವರಿಸುವುದು, ವಾರದ ಪೊಟ್ಟಣವನ್ನು ದಿನವೂ ತೆಗೆದುಕೊಳ್ಳುವುದು ಅನಾಹುತಕ್ಕೆ ದಾರಿ. ರಕ್ತದಲ್ಲಿ ಸುಣ್ಣದ ಅಂಶ ಏರಿ ವಾಂತಿ, ಮಲಬದ್ಧತೆ, ಮಂಕು ಕವಿದು, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ಕೊರತೆಯಿಲ್ಲದವರಿಗೆ ಇದರಿಂದೇನು ಲಾಭ ಎಂಬುದನ್ನೂ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ 25,871 ಜನರ ಮೇಲೆ ಸುಮಾರು 5 ವರ್ಷ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕೊರತೆ ಇದೆಯೇ ಇಲ್ಲವೇ ಎಂದು ನೋಡಿ ಆರಿಸಿದವರಲ್ಲ ಅವರು. ಸಾಮಾನ್ಯ ಆರೋಗ್ಯದ ಹಿರಿಯರು. ದಿನವೂ ವಿಟಮಿನ್ ಡಿ ನುಂಗಿದವರಲ್ಲಿ ಮೂಳೆ ಮುರಿತ ಕಡಿಮೆಯಾಗಲಿಲ್ಲ. ಮಣ್ಣು ಪರೀಕ್ಷೆಯ ನ್ಯಾಯವೆಂದು ನಾವು ಹೇಳಿದ್ದು ಇದನ್ನೇ.

ಕಾಲು ಜೋಮು ಹಿಡಿಯುವುದು, ಅಂಗಾಲು ಉರಿಯುವುದು ಇದ್ದರೆ ಅದನ್ನೂ ವಾತವೆಂದು ತಳ್ಳಿಹಾಕುತ್ತೇವೆ. ಶುದ್ಧ ಸಸ್ಯಾಹಾರಿಗಳಲ್ಲೂ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ಸೇವಿಸುವವರಲ್ಲೂ ವಿಟಮಿನ್ ಬಿ-12 ಕಡಿಮೆಯಾಗಿ ಹೀಗಾಗುವುದುಂಟು. ಪರೀಕ್ಷೆಯಲ್ಲಿ ಕೊರತೆ ಕಂಡರೆ ಇದರ ಪೂರಕ ತೆಗೆದುಕೊಳ್ಳಲೇಬೇಕು. ತಡಮಾಡಿದರೆ ನರಗಳಿಗೆ ಕೇಡು.

ಸುಣ್ಣದ ಅಂಶದ ವಿಚಾರ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಸೂಚಿಸಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೇ ತೂಕದ ನುಗ್ಗೆಸೊಪ್ಪಿನಲ್ಲಿ 300ಕ್ಕೂ ಹೆಚ್ಚು. ಎಳ್ಳಿನಲ್ಲಿ ಅದಕ್ಕೂ ಹೆಚ್ಚು. ಇದರ ಜೊತೆಗೆ ಹಾಲು, ಮಜ್ಜಿಗೆ ಇದ್ದರೆ ಬಹುಪಾಲು ತುಂಬಿದಂತೆ. ಬೇಲಿಯಲ್ಲಿ ನುಗ್ಗೆ ಬೆಳೆದು ಅದರ ಸೊಪ್ಪನ್ನು ಉದುರಲು ಬಿಟ್ಟು, ಪೇಟೆಯಿಂದ ಅದರದೇ ಪುಡಿಯ ಗುಳಿಗೆ ತರುವುದು ಜಾಣತನವಲ್ಲ. ಗುಳಿಗೆಯೇ ಬೇಕೆಂದು ವೈದ್ಯರು ಹೇಳಿದರೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಕಬ್ಬಿಣಾಂಶದ ಗುಳಿಗೆ, ಥೈರಾಯ್ಡ್ ಗುಳಿಗೆಗಳ ಜೊತೆಯಲ್ಲಿ ಅದನ್ನು ನುಂಗಬಾರದು. ಅವು ಮೈಗೆ ಹತ್ತುವುದಕ್ಕೆ ಅಡ್ಡಿಯಾಗುತ್ತದೆ. ನಡುವೆ ಕೆಲವು ಗಂಟೆ ಬಿಡಬೇಕು.

ಗ್ಲುಕೋಸಮಿನ್ ಮತ್ತು ಕೊಲಾಜೆನ್

ಮಂಡಿ ಸವೆತಕ್ಕೆಂದು ಹೆಚ್ಚು ಮಾರಾಟವಾಗುವುದು ಗ್ಲುಕೋಸಮಿನ್ ಮತ್ತು ಕಾಂಡ್ರಾಯ್ಟಿನ್. ಅಮೆರಿಕದಲ್ಲಿ 1,583 ಮಂಡಿನೋವಿನ ರೋಗಿಗಳ ಮೇಲೆ 24 ವಾರ ಪ್ರಯೋಗ ನಡೆಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡನ್ನೂ ಸೇರಿಸಿ ಕೊಟ್ಟಾಗ ನೂರಕ್ಕೆ ಸುಮಾರು 67 ಜನರಿಗೆ ನೋವು ಗಮನಾರ್ಹವಾಗಿ ಇಳಿಯಿತು. ಇದನ್ನಷ್ಟೇ ಕೇಳಿದರೆ ಯಾರೂ ಕೊಳ್ಳುತ್ತಾರೆ. ಆದರೆ ಔಷಧವೇ ಇಲ್ಲದ, ನೋಟಕ್ಕೆ ಮಾತ್ರ ಅದರಂತಿದ್ದ ಗುಳಿಗೆ ನುಂಗಿದವರಲ್ಲೂ ನೂರಕ್ಕೆ 60 ಜನರಿಗೆ ನೋವು ಇಳಿದಿತ್ತು! ಈ ಎರಡರ ನಡುವಿನ ಅಂತರ ಗುಳಿಗೆಯ ಗುಣವೆಂದು ಖಚಿತವಾಗಿ ಹೇಳುವಷ್ಟು ದೊಡ್ಡದಲ್ಲವೆಂದು ಪರೀಕ್ಷಕರು ತೀರ್ಮಾನಿಸಿದರು. ನೋವು ತೀವ್ರವಾಗಿದ್ದ ಒಂದು ಚಿಕ್ಕ ಗುಂಪಿಗೆ ಪ್ರಯೋಜನವಾದ ಸೂಚನೆ ಮಾತ್ರ ಕಂಡಿತು. "ನನಗೆ ಗುಣ ಕಂಡಿತು" ಎಂದು ನೆರೆಯವರು ಹೇಳುವುದು ಸುಳ್ಳಲ್ಲ. ಆದರೆ ಅದು ಗುಳಿಗೆಯಿಂದಲೇ ಎಂಬುದಕ್ಕೆ ಆ ಮಾತು ಸಾಕ್ಷಿಯಾಗದು.

ಕೊಲಾಜೆನ್ ಎಂಬುದು ಚರ್ಮ, ಮೂಳೆ, ಕೀಲುಗಳಲ್ಲಿರುವ ಒಂದು ಪ್ರೋಟೀನು. ತಿಂದ ಕೊಲಾಜೆನ್ ನೇರವಾಗಿ ಹೋಗಿ ಕೆನ್ನೆಯ ಸುಕ್ಕಿನಲ್ಲಿ ಕೂರುವುದಿಲ್ಲ. ತಿಂದ ಬೇಳೆಯಂತೆಯೇ ಅದೂ ಜೀರ್ಣವಾಗಿ ಚಿಕ್ಕ ಚಿಕ್ಕ ತುಣುಕುಗಳಾಗುತ್ತದೆ. ಚರ್ಮದ ತೇವ ಸ್ವಲ್ಪ ಹೆಚ್ಚಿತೆಂದು ಕೆಲವು ಪ್ರಯೋಗಗಳು ಹೇಳಿವೆ. 2025ರಲ್ಲಿ ಇಂಥ 23 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಔಷಧ ಕಂಪನಿಗಳ ಹಣವಿಲ್ಲದೆ ನಡೆದ ಪ್ರಯೋಗಗಳಲ್ಲಿ ಪ್ರಯೋಜನ ಕಾಣಲಿಲ್ಲ. ಮಾರುವವನೇ ತೂಕ ಮಾಡಿದ ಚೀಲವನ್ನು ನಾವು ಇನ್ನೊಮ್ಮೆ ತೂಗಿಸುತ್ತೇವೆ, ಇಲ್ಲಿಯೂ ಹಾಗೆಯೇ.

ಸಸ್ಯಾಹಾರಿ ಸದಸ್ಯರಿಗೆ ಒಂದು ಮುಖ್ಯ ಸೂಚನೆ. ಗ್ಲುಕೋಸಮಿನ್ನನ್ನು ಸಾಮಾನ್ಯವಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ. ಕೊಲಾಜೆನ್ ಬರುವುದು ದನ, ಹಂದಿ ಅಥವಾ ಮೀನಿನ ಚರ್ಮ ಮೂಳೆಗಳಿಂದ. ಎಷ್ಟೋ ಕ್ಯಾಪ್ಸೂಲುಗಳ ಹೊರಕವಚವೂ ಪ್ರಾಣಿಮೂಲದ ಜೆಲಾಟಿನ್. ಆಹಾರ ಪೂರಕದ ಡಬ್ಬದ ಮೇಲೆ ಹಸಿರು ಚುಕ್ಕೆ ಇದೆಯೇ, ಕಂದು ಗುರುತು ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ಸೀಗಡಿ, ಏಡಿ ತಿಂದರೆ ಮೈಮೇಲೆ ದದ್ದು ಏಳುವವರು ಗ್ಲುಕೋಸಮಿನ್‌ನಿಂದ ದೂರವಿರುವುದು ಲೇಸು. ಹೃದಯದ ಕಾಯಿಲೆಗಾಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ಗ್ಲುಕೋಸಮಿನ್ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ನಮ್ಮ ಬೆಳೆಯೇ ಸೀಸೆಯಲ್ಲಿ

ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯೂ, ಹಿತ್ತಲ ಅರಿಶಿನವೂ ಈಗ ಕೀಲುನೋವಿನ ಗುಳಿಗೆಯಾಗಿ ನಮ್ಮ ಬಳಿಗೇ ಮರಳಿ ಬರುತ್ತಿವೆ. ಇದರ ಹಿಂದೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಅಧ್ಯಯನವಿದೆ. ಅರಿಶಿನದ ಸಾರವಾದ ಕರ್ಕ್ಯುಮಿನ್ ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸಾರವಾದ ಪೈಪರಿನ್ ಅನ್ನು ಕೇವಲ 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ, ಮನುಷ್ಯರಲ್ಲಿ ಅದು ಮೈಗೆ ಹತ್ತುವ ಪ್ರಮಾಣ ಶೇಕಡ 2,000ದಷ್ಟು ಹೆಚ್ಚಿತೆಂದು ತೋರಿಸಿದರು. ಅಂದಿನಿಂದ ಜಗತ್ತಿನಾದ್ಯಂತ ಅರಿಶಿನದ ಗುಳಿಗೆಗೆ ಮೆಣಸಿನ ಸಾರ ಬೆರೆಸುವುದು ರೂಢಿಯಾಯಿತು.

ಮಂಡಿ ಸವೆತದ ನೋವಿಗೆ ಇದು ಸ್ವಲ್ಪಮಟ್ಟಿಗೆ ಹಿತಕಾರಿಯೆಂದು ಚಿಕ್ಕ ಪ್ರಯೋಗಗಳು ಹೇಳಿವೆ. ಆದರೆ ಮೈಗೆ ಹತ್ತುವುದು ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಅರಿಶಿನದ ಪೂರಕ ಸೇವಿಸಿ ಯಕೃತ್ತು ಕೆಟ್ಟ 10 ಜನರ ವಿವರವನ್ನು ಅಮೆರಿಕದ ವೈದ್ಯರು 2022ರಲ್ಲಿ ಪ್ರಕಟಿಸಿದರು. ಅವರಲ್ಲಿ 5 ಜನ ಆಸ್ಪತ್ರೆ ಸೇರಬೇಕಾಯಿತು, ಒಬ್ಬರು ತೀರಿಕೊಂಡರು. ಇಂಥದ್ದು ವಿರಳವೇನೋ ಹೌದು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಹಾಲಿಗೆ ಹಾಕುವ ಮೆಣಸಿಗೂ ಹೆದರಬೇಕಾಗಿಲ್ಲ. ಆದರೆ ಗುಳಿಗೆ ಶುರುಮಾಡಿದ ಮೇಲೆ ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಊಟ ಸೇರದಿದ್ದರೆ ಕೂಡಲೇ ಗುಳಿಗೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ಮಾತನ್ನು ಬೆಳೆಗಾರರಾದ ನಾವು ನಂಬಬಾರದು. ದತ್ತೂರಿಯೂ ಗಿಡವೇ ಅಲ್ಲವೇ?

ಚರ್ಮದ ಮಾತು

ಬೆಳೆಗಾರನ ಚರ್ಮಕ್ಕೆ ಕೇಡು ಬರುವುದು ಬಹುಮಟ್ಟಿಗೆ ಹೊರಗಿನಿಂದ. ಬೋರ್ಡೋ ದ್ರಾವಣದ ಸುಣ್ಣ, ಮೈಲುತುತ್ತ. ಹಸಿ ಅಡಿಕೆ ಸುಲಿಯುವಾಗಿನ ಚೊಗರು. ಒದ್ದೆ ತೋಟದಲ್ಲಿ ದಿನವಿಡೀ ನೆನೆಯುವ ಕಾಲು. ಎಲ್ಲಕ್ಕಿಂತ ಮಿಗಿಲಾಗಿ ಕಾಂಗ್ರೆಸ್ ಹುಲ್ಲೆಂದು ನಾವು ಕರೆಯುವ ಪಾರ್ಥೇನಿಯಂ. ಇದರ ಅಲರ್ಜಿಯಿಂದ ಮುಖ, ಕತ್ತು, ಮೊಣಕೈ ಮಡಿಕೆಗಳು ಕಪ್ಪಾಗಿ ತುರಿಸುತ್ತವೆ. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊ ದೇಶದ ಜೀರುಂಡೆಯನ್ನು ಬಿಟ್ಟು ಈ ಕಳೆಯನ್ನು ಹತೋಟಿಗೆ ತರುವ ಪ್ರಯತ್ನ ನಡೆಯಿತಾದರೂ ಕಳೆ ಇನ್ನೂ ಬದುಗಳಲ್ಲಿದೆ. ಇಂಥ ತುರಿಕೆಗೆ ಕೊಲಾಜೆನ್ ತಿಂದು ಫಲವಿಲ್ಲ. ಹೂ ಬಿಡುವ ಮುನ್ನ ಕೈಗವಸು ತೊಟ್ಟು ಕಳೆ ಕೀಳುವುದು, ತುಂಬುತೋಳಿನ ಅಂಗಿ, ಕೆಲಸ ಮುಗಿದೊಡನೆ ಸ್ನಾನ, ಮಲಗುವ ಮುನ್ನ ಕೊಬ್ಬರಿ ಎಣ್ಣೆ, ಇವೇ ಮೊದಲ ಚಿಕಿತ್ಸೆ.

ಚರ್ಮ, ಕೂದಲಿಗೆಂದು ಮಾರುವ ಗುಳಿಗೆಗಳಲ್ಲಿ ಮೂರನ್ನು ಗಮನಿಸಬೇಕು. ವಿಟಮಿನ್ ಎ ಅತಿಯಾದರೆ ಯಕೃತ್ತಿಗೆ ಕೇಡು. ಗರ್ಭಿಣಿಯರು ಸೇವಿಸಿದರೆ ಮಗುವಿಗೆ ಅಂಗವೈಕಲ್ಯ ಬರಬಹುದು. ಬಯೋಟಿನ್ ಹೆಚ್ಚು ಸೇವಿಸುವವರಲ್ಲಿ ಥೈರಾಯ್ಡ್ ಮತ್ತು ಹೃದಯಾಘಾತದ ರಕ್ತಪರೀಕ್ಷೆಗಳು ತಪ್ಪು ಫಲಿತಾಂಶ ತೋರಿಸಬಲ್ಲವು. ಸತುವಿನ ಗುಳಿಗೆಯನ್ನು ಬಹುದಿನ ನುಂಗಿದರೆ ಮೈಯಲ್ಲಿ ತಾಮ್ರ ಕಡಿಮೆಯಾಗುತ್ತದೆ. ರಂಜಕ ಅತಿಯಾದ ಮಣ್ಣಿನಲ್ಲಿ ಗಿಡಕ್ಕೆ ಸತು ಸಿಗದಂತಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡೇ ದಿನದಲ್ಲಿ ನೋವು ಮಾಯ!

ಇದುವರೆಗೆ ಹೇಳಿದವುಗಳಲ್ಲಿ ಬಹುಪಾಲು ಹಣದ ನಷ್ಟ. ಈಗ ಹೇಳುವುದು ಪ್ರಾಣದ ಮಾತು. ವರ್ಷಗಟ್ಟಲೆ ಕಾಡಿದ ಮಂಡಿನೋವು ಹೆಸರಿಲ್ಲದ ಪುಡಿಯಿಂದ ಎರಡೇ ದಿನದಲ್ಲಿ ಮಾಯವಾಯಿತೆಂದರೆ ಸಂತೋಷಪಡುವ ಮುನ್ನ ಸಂಶಯಪಡಬೇಕು. ಇಂಥ ಪುಡಿ, ಗುಳಿಗೆಗಳಲ್ಲಿ ಹೇಳದೆ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಮೊದಲು ಹಸಿವು ಹೆಚ್ಚಿ ಮೈ ತುಂಬಿಕೊಂಡಂತೆ ಕಾಣುತ್ತದೆ. ಆಮೇಲೆ ಮುಖ ಊದಿ ದುಂಡಗಾಗುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಚರ್ಮ ತೆಳುವಾಗುತ್ತದೆ, ಯಾವ ಕೀಲಿಗೆಂದು ತಿಂದೆವೋ ಅದರ ಮೂಳೆಯೇ ಸವೆಯುತ್ತದೆ. ತಿಂಗಳುಗಟ್ಟಲೆ ತಿಂದವರು ಥಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನು ಕೈಯಲ್ಲಿ ಹಿಡಿದು ವೈದ್ಯರ ಬಳಿಗೇ ಹೋಗಬೇಕು.

ಭಾರಲೋಹಗಳ ಅಪಾಯವೂ ಇದೆ. ಅಂತರಜಾಲದ ಮೂಲಕ ಮಾರಾಟವಾಗುತ್ತಿದ್ದ 193 ಆಯುರ್ವೇದ ಔಷಧಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಸುಮಾರು ಐದರಲ್ಲೊಂದು ಔಷಧದಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂತು. ಇದು ಆಯುರ್ವೇದವನ್ನು ಹಳಿಯುವ ಮಾತಲ್ಲ. ತಿಳಿದ ವೈದ್ಯರು ನೋಡಿ ಕೊಡುವುದು ಬೇರೆ, ಮುಖ ಕಾಣದವನಿಂದ ಕೊಳ್ಳುವುದು ಬೇರೆ.

ಕಾನೂನು ನಮ್ಮ ಪರವಾಗಿದೆ

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಪಟ್ಟಿಯಲ್ಲಿ ಸಂಧಿವಾತವೂ ಇದೆ, ತೊನ್ನೂ ಇದೆ. ಇವನ್ನು ವಾಸಿಮಾಡುತ್ತೇವೆಂದು ಜನರಿಗೆ ಜಾಹೀರಾತು ಕೊಡುವುದೇ ಅಪರಾಧ. 2006ರ ಆಹಾರ ಸುರಕ್ಷತೆ ಕಾಯಿದೆಯಡಿ 2016ರಲ್ಲಿ ಬಂದ ನಿಯಮಗಳ ಪ್ರಕಾರ, ಪೂರಕದ ಡಬ್ಬದ ಮೇಲೆ ಅದು ಔಷಧಿಯಲ್ಲವೆಂಬ ಸೂಚನೆ ಇರಲೇಬೇಕು. ರೋಗ ವಾಸಿಮಾಡುತ್ತದೆಂದು ಹೇಳಿಕೊಳ್ಳುವಂತಿಲ್ಲ. 14 ಅಂಕಿಗಳ ಪರವಾನಗಿ ಸಂಖ್ಯೆಯೂ ಇರಬೇಕು. ಸಂಖ್ಯೆಯಿಲ್ಲದ ಡಬ್ಬ, ಚೀಟಿಯಿಲ್ಲದ ಗೊಬ್ಬರದ ಚೀಲವಿದ್ದಂತೆ. ನಾವು ಅಂಥ ಗೊಬ್ಬರವನ್ನು ತೋಟಕ್ಕೆ ಹಾಕುವುದಿಲ್ಲ, ಹೊಟ್ಟೆಗೆ ಹಾಕಿಕೊಳ್ಳಬಹುದೇ?

ಸದಸ್ಯರು ಅನುಸರಿಸಬೇಕಾದದ್ದು

1. ಆರು ವಾರ ಮೀರಿದ ಕೀಲುನೋವು, ಊತ, ಬೆಳಗಿನ ಬಿಗಿತ ಇದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಕೀಲು ಕೆಂಪಾಗಿ ಜ್ವರವೂ ಬಂದರೆ ಅದೇ ದಿನ ಹೋಗಬೇಕು.

2. ಕುಡಿಯುವ ಕೊಳವೆಬಾವಿಯ ನೀರನ್ನು ಸರ್ಕಾರಿ ಪ್ರಯೋಗಾಲಯದಲ್ಲಿ ಫ್ಲೋರೈಡ್‌ಗಾಗಿ ಪರೀಕ್ಷೆ ಮಾಡಿಸಬೇಕು.

3. ತೂಕ ಹೆಚ್ಚಿರುವವರು ಇಳಿಸಬೇಕು. 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಕಲಿತು ಮಾಡಬೇಕು. ಅಡಿಕೆ ಸುಲಿಯುವವರಿಗೆ ನೆಲದ ಬದಲು ಎತ್ತರದ ಮಣೆ ಕೊಡಬೇಕು.

4. ಪೂರಕ ತೆಗೆದುಕೊಳ್ಳುವುದಾದರೆ ಒಂದು ಸಲಕ್ಕೆ ಒಂದನ್ನೇ, ವೈದ್ಯರಿಗೆ ತಿಳಿಸಿ, ಗೊತ್ತಾದ ಅವಧಿಗೆ ಮಾತ್ರ. ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಅದರ ಹಣ ಉಳಿಸಿ.

5. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಗುಳಿಗೆ, ಪುಡಿ, ಲೇಹ್ಯ ಎಲ್ಲವನ್ನೂ ಒಂದು ಚೀಲದಲ್ಲಿ ಒಯ್ದು ತೋರಿಸಿ. ಬೈದಾರೆಂದು ಮುಚ್ಚಿಡಬೇಡಿ. ಶಸ್ತ್ರಚಿಕಿತ್ಸೆಗೆ ಮೊದಲಂತೂ ಇದು ಅತ್ಯವಶ್ಯ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಎಲ್ಲ ರೋಗವೂ ಊಟದಿಂದ ಹೋಗದು, ನಿಜ. ಆದರೆ ಪರೀಕ್ಷೆಯಿಲ್ಲದೆ ತೋಟಕ್ಕೆ ಗೊಬ್ಬರ ಹಾಕದ ಬೆಳೆಗಾರನು ಪರೀಕ್ಷೆಯಿಲ್ಲದೆ ತನ್ನ ಮೈಗೆ ಗುಳಿಗೆ ಹಾಕತಕ್ಕದ್ದಲ್ಲ. ತೋಟದಲ್ಲಿ ಒಂದು ಮರ ಹೋದರೆ ಇನ್ನೊಂದು ಸಸಿ ನೆಡಬಹುದು. ಮೂತ್ರಪಿಂಡ, ಯಕೃತ್ತುಗಳಿಗೆ ಆ ಸೌಲಭ್ಯವಿಲ್ಲ. ಸದಸ್ಯ ಬಾಂಧವರು ಇದನ್ನು ಮನೆಯ ಹಿರಿಯರಿಗೂ, ತೋಟಕ್ಕೆ ಬರುವ ಕೆಲಸಗಾರರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ.